ಕಂತು ಕಟ್ಟುವ ಮುನ್ನ ಹಂತ ಕೇಳೋಣ



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಒಂದೇ ಮನೆಗೆ ಈ ಮಾತಾದರೆ, ನಗರಸಭೆಯ ಜಾಗದಲ್ಲಿ ಎಪ್ಪತ್ತು ಮನೆ ಒಟ್ಟಿಗೆ ಏಳುವಾಗ ಎಷ್ಟು ಲೆಕ್ಕ ಬೇಕು? "ಅದೆಲ್ಲಾ ಇಂಜಿನಿಯರ್ ನೋಡ್ಕೋತಾರೆ, ನಮಗ್ಯಾಕೆ?" ಎಂದು ಸುಮ್ಮನಿರುವಂತಿಲ್ಲ. ಆ ಲೆಕ್ಕದಲ್ಲಿ ನಾವು ವಾರ ವಾರ ಕೂಡಿಟ್ಟ ಹಣವೂ ಸೇರಿದೆ.

ಹಣ ಯಾರ್ಯಾರದು?

ನಗರ ಪ್ರದೇಶದ ಪ್ರಧಾನ ಮಂತ್ರಿ ಆವಾಸ್ ಯೋಜನೆ 2015ರ ಜೂನ್ 25ರಂದು ಆರಂಭವಾಯಿತು. 2024ರ ಸೆಪ್ಟೆಂಬರ್ 1ರಿಂದ ಇದರ ಎರಡನೇ ಆವೃತ್ತಿ ಜಾರಿಗೆ ಬಂದಿದೆ. ಸ್ವಂತ ನಿವೇಶನ ಇದ್ದವರು ತಾವೇ ಮನೆ ಕಟ್ಟಿಕೊಳ್ಳುವುದು ಒಂದು ದಾರಿ. ನಿವೇಶನ ಇಲ್ಲದವರಿಗೆ ಸರ್ಕಾರದ ಸಂಸ್ಥೆಗಳು ಗುಂಪು ಮನೆ ಕಟ್ಟಿಕೊಡುವುದು ಇನ್ನೊಂದು. ಎರಡರಲ್ಲೂ ಕೇಂದ್ರದ ಸಹಾಯಧನ ಮನೆಯೊಂದಕ್ಕೆ 1.5 ಲಕ್ಷ ರೂಪಾಯಿ. ಕುಟುಂಬದ ವಾರ್ಷಿಕ ಆದಾಯ 3 ಲಕ್ಷ ಮೀರಿರಬಾರದು, ದೇಶದಲ್ಲಿ ಎಲ್ಲಿಯೂ ಪಕ್ಕಾ ಮನೆ ಇರಬಾರದು. ಮನೆ ಸಾಮಾನ್ಯವಾಗಿ ಹೆಂಗಸಿನ ಹೆಸರಿನಲ್ಲಿ ಅಥವಾ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ ಇರಬೇಕು. ಉಳಿದ ಹಣ ರಾಜ್ಯ ಸರ್ಕಾರ, ಸ್ಥಳೀಯ ಸಂಸ್ಥೆ, ಬ್ಯಾಂಕ್ ಸಾಲ ಮತ್ತು ನಮ್ಮ ವಂತಿಗೆಯಿಂದ ಬರಬೇಕು.

ಬಹಳ ಕಡೆ ಕೆಲಸ ನಿಲ್ಲುವುದು ಈ ವಂತಿಗೆಯ ಹತ್ತಿರವೇ. ನಮ್ಮ ರಾಜ್ಯದ ಕೊಳಗೇರಿ ಅಭಿವೃದ್ಧಿ ಮಂಡಳಿಯ ಮನೆಗಳಲ್ಲಿ ಬಡ ಕುಟುಂಬಗಳಿಗೆ ತಮ್ಮ ಪಾಲು ಕಟ್ಟಲು ಆಗಲಿಲ್ಲ, ಮನೆಗಳು ಅರ್ಧಕ್ಕೆ ನಿಂತವು. 2023ರ ಡಿಸೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ, ಕುಟುಂಬ 1 ಲಕ್ಷ ಕಟ್ಟಿದರೆ ಸಾಕು, ಉಳಿದ ಪಾಲನ್ನು ಸರ್ಕಾರವೇ ಭರಿಸುತ್ತದೆ ಎಂದು ತೀರ್ಮಾನಿಸಿತು. 2024ರ ಮಾರ್ಚ್‌ನಲ್ಲಿ ಮೊದಲ ಹಂತದ 36,789 ಮನೆಗಳನ್ನು ವಿತರಿಸಲಾಯಿತು. ಈ ತೀರ್ಮಾನ ಎಲ್ಲ ಯೋಜನೆಗೂ ತಾನಾಗಿ ಅನ್ವಯಿಸುತ್ತದೆ ಎಂದು ತಿಳಿಯಬಾರದು. ನಮ್ಮ ಯೋಜನೆಯ ವಂತಿಗೆ ಎಷ್ಟು ಎಂದು ಬರವಣಿಗೆಯಲ್ಲಿ ಕೇಳಿ ಪಡೆಯೋಣ.

ಒಂದು ಲೆಕ್ಕ ಹಾಕೋಣ

ಪಾಠಕ್ಕಾಗಿ ನಾವೇ ಮಾಡಿಕೊಂಡ ಉದಾಹರಣೆ ಇದು. 72 ಮನೆ, ಒಂದಕ್ಕೆ 7 ಲಕ್ಷ. ಅದರಲ್ಲಿ ಕೇಂದ್ರದ್ದು 1.5 ಲಕ್ಷ, ರಾಜ್ಯ ಮತ್ತು ನಗರಸಭೆಯದು 3.5 ಲಕ್ಷ, ಕುಟುಂಬದ್ದು 2 ಲಕ್ಷ. ಒಟ್ಟು ಬೇಕಾದ್ದು 5 ಕೋಟಿ 4 ಲಕ್ಷ. ಆದರೆ ಈಗ ಕೈಗೆ ಬಂದಿರುವುದು 1 ಕೋಟಿ 68 ಲಕ್ಷ ಮಾತ್ರ.

ಈ ಹಣದಲ್ಲಿ 72 ಮನೆಗೂ ಒಟ್ಟಿಗೆ ಕೈ ಹಾಕಿದರೆ ಎಲ್ಲದಕ್ಕೂ ಪಾಯ, ಕಂಬ ಏಳುತ್ತದೆ. ನೋಡಲು ಚೆಂದ, ಆದರೆ ಒಬ್ಬರೂ ಒಳಗೆ ಹೋಗುವ ಹಾಗಿಲ್ಲ. ಅದೇ ಹಣದಲ್ಲಿ 24 ಮನೆಯ ಒಂದು ಬ್ಲಾಕನ್ನು ಪೂರ್ತಿ ಮುಗಿಸಿದರೆ 24 ಕುಟುಂಬ ಬಾಡಿಗೆ ಮನೆ ಬಿಡುತ್ತವೆ. ಮುಂದಿನ ಹಣ ಬಂದಾಗ ಎರಡನೇ ಬ್ಲಾಕ್, ಆಮೇಲೆ ಮೂರನೆಯದು. ಹಂತ ಹಂತವಾಗಿ ಕಟ್ಟುವುದು ಎಂದರೆ ಇದೇ. ಯಾರಿಗೆ ಮೊದಲು ಎಂಬ ಜಗಳ ಬಾರದಿರಲು ಎಲ್ಲರೆದುರು ಚೀಟಿ ಎತ್ತಲಿ. ವಿಧವೆಯರಿಗೆ, ಅಂಗವಿಕಲರಿಗೆ ಮೊದಲ ಬ್ಲಾಕ್‌ನಲ್ಲಿ ಜಾಗ ಕೇಳೋಣ.

ತಡವಾದರೆ ನಷ್ಟ ಯಾರಿಗೆ? ವಂತಿಗೆಗೆಂದು 1 ಲಕ್ಷ ಸಾಲ ತಂದ ಅಕ್ಕನನ್ನು ನೆನೆಯಿರಿ. ವರ್ಷಕ್ಕೆ ನೂರಕ್ಕೆ 12ರಂತೆ ತಿಂಗಳಿಗೆ ಬಡ್ಡಿಯೇ 1,000 ರೂಪಾಯಿ. ಬಾಡಿಗೆ 3,000. ಕೆಲಸ ಹತ್ತು ತಿಂಗಳು ನಿಂತರೆ ಆಕೆಯ ಕೈಯಿಂದ 40,000 ಹೋಯಿತು. ಕಂಟ್ರಾಕ್ಟರಿಗೂ, ಕಚೇರಿಗೂ ಅದು ಕಾಣುವುದಿಲ್ಲ.

ನಮ್ಮ ಕಂತು ಹೇಗಿರಬೇಕು?

ಎರಡು ಲಕ್ಷವನ್ನು ಮೊದಲೇ ಪೂರ್ತಿ ಕಟ್ಟಬಾರದು. ಹಂಚಿಕೆ ಪತ್ರ ಕೈಗೆ ಬಂದಾಗ 20 ಸಾವಿರ, ಪಾಯ ಮುಗಿದಾಗ 60 ಸಾವಿರ, ಛಾವಣಿ ಬಿದ್ದಾಗ 80 ಸಾವಿರ, ಬೀಗದ ಕೈ ಕೊಡುವಾಗ 40 ಸಾವಿರ – ಹೀಗೆ ಕೇಳಬಹುದು. ಬ್ಯಾಂಕ್ ಸಾಲವೂ ಹಂತ ನೋಡಿ ಬಿಡುಗಡೆಯಾಗಲಿ, ಆಗ ಬಿಡುಗಡೆಯಾದ ಹಣಕ್ಕೆ ಮಾತ್ರ ಬಡ್ಡಿ ಬೀಳುತ್ತದೆ. ಎರಡು ಮೂರು ವರ್ಷದಲ್ಲಿ ತೀರಿಸಬೇಕಾದ ಸಂಘದ ಸಾಲವನ್ನು ಇಡೀ ಮನೆಗೆ ಹಾಕಬೇಡಿ. ಮನೆಗೆ ದೀರ್ಘಾವಧಿ ಗೃಹಸಾಲವೇ ಸರಿ. ಹಣವನ್ನು ಯಾವ ಮಧ್ಯವರ್ತಿಯ ಕೈಗೂ ಕೊಡದೆ ಡಿ.ಡಿ. ಮೂಲಕ ಅಥವಾ ಸಂಸ್ಥೆಯ ಖಾತೆಗೇ ಕಟ್ಟಿ, ರಶೀದಿ ಜೋಪಾನ ಮಾಡಿ.

ಇನ್ನೊಂದು ಮಾತು. ಗೋಡೆ, ಛಾವಣಿಗೆ ಹಣ ಇಟ್ಟು, ನೀರಿನ ಪೈಪು, ಒಳಚರಂಡಿ, ಕರೆಂಟನ್ನು ಕೊನೆಗೆ ಬಿಡುವುದುಂಟು. ನೀರಿಲ್ಲದ ಮನೆಯಲ್ಲಿ ಕೊಡ ಹೊರುವವರು ನಾವೇ ತಾನೆ? ಆದ್ದರಿಂದ ಮೊದಲ ಕಂತು ಕಟ್ಟುವಾಗಲೇ ಕೊನೆಯ ಹಂತದ ಹಣ ಎಲ್ಲಿದೆ ಎಂದು ಕೇಳಬೇಕು.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಊರಿನ ಯೋಜನೆಯಲ್ಲಿ ಯಾರ ಪಾಲು ಎಷ್ಟು? ಎಷ್ಟು ಹಣ ಈಗಾಗಲೇ ಬಂದಿದೆ?
2. ಮೊದಲ ಬ್ಲಾಕ್‌ನಲ್ಲಿ ಎಷ್ಟು ಮನೆ? ಯಾವಾಗ ಮುಗಿಯುತ್ತದೆ?
3. ನೀರು, ಒಳಚರಂಡಿ ಯಾರ ಹಣದಲ್ಲಿ?
4. ಕೆಲಸ ನಿಂತರೆ ನಮ್ಮ ವಂತಿಗೆಯ ಗತಿ ಏನು?

ಒಬ್ಬರೇ ಹೋಗಿ ಕೇಳಿದರೆ "ನಾಳೆ ಬಾ" ಅಂತಾರೆ. ಹತ್ತು ಜನ ಸಹಿ ಹಾಕಿ, ಅರ್ಜಿ ಬರೆದು, ಸ್ವೀಕೃತಿ ಪಡೆದು ಬಂದರೆ ಉತ್ತರ ಕೊಡಲೇಬೇಕಾಗುತ್ತದೆ. ಈ ತಿಂಗಳ ಸಭೆಯಲ್ಲೇ ಆ ಅರ್ಜಿ ಬರೆಯೋಣ.