ಸಂಘವಿಲ್ಲದ ಹಳ್ಳಿಮನೆ: ಕೊಳ್ಳೋ ಮುಂಚೆ ನೋಡಬೇಕಾದ್ದು

ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಕಿರಿಕಿರಿ ಬೇಡ, ಹಳ್ಳೀಲೊಂದು ಮನೆ ತಗೊಳ್ಳೋಣ ಅಂತ ನಾವೆಲ್ಲ ಹೇಳ್ತೀವಿ. ಮೆಂಟೆನೆನ್ಸ್ ಶುಲ್ಕವಿಲ್ಲ, ನಿಜ. ಆದರೆ ಬೋರ್‌ವೆಲ್ ಮೋಟಾರು, ಶೌಚದ ಗುಂಡಿ, ಕಾಂಪೌಂಡು ಎಲ್ಲವೂ ನಮ್ಮ ತಲೆಗೇ. ಮೊದಲು ಮೂರು ವಿಷಯ ನೋಡೋಣ.

1. ಪತ್ರ: ಖಾತೆ ಕಂದಾಯಕ್ಕಾಗಿ ಇರುವ ದಾಖಲೆ, ಅದೊಂದೇ ಒಡೆತನದ ಪುರಾವೆಯಲ್ಲ. ಪಂಚಾಯಿತಿಯ ಇ-ಸ್ವತ್ತು ಖಾತೆ ಜೊತೆ ನೋಂದಾಯಿತ ಕ್ರಯಪತ್ರ, ಸಬ್ ರಿಜಿಸ್ಟ್ರಾರ್ ಕಚೇರಿಯ ಇ.ಸಿ. ಎರಡನ್ನೂ ಕೇಳಬೇಕು.

2. ಜಾಗ: ಹೊಲದಲ್ಲಿ ಕಟ್ಟಿದ ಮನೆಯಾದರೆ ಭೂಪರಿವರ್ತನೆ ಆದೇಶ ಇದೆಯಾ ನೋಡಬೇಕು.

3. ದಾರಿ: ಪಕ್ಕದವರ ಜಮೀನು ದಾಟಿ ಮನೆಗೆ ಹೋಗಬೇಕಾದರೆ ಆ ಹಕ್ಕು ನೋಂದಾಯಿತ ಪತ್ರದಲ್ಲಿರಬೇಕು. ಬಾಯಿಮಾತಿನ ದಾರಿಗೆ ನಾಳೆ ಬೇಲಿ ಬೀಳಬಹುದು. 1882ರ ಈಸ್‌ಮೆಂಟ್ಸ್ ಕಾಯ್ದೆಯಲ್ಲಿ ಬಳಕೆಯಿಂದ ಹಕ್ಕು ಸಿಗಬೇಕಾದರೆ 20 ವರ್ಷ ತಡೆಯಿಲ್ಲದೆ ಓಡಾಡಿರಬೇಕು.

ಸಂಘವಿಲ್ಲದ ಕಡೆ ಜಗಳ ಬಿಡಿಸೋದು ಪತ್ರವೇ. ಅಡ್ವಾನ್ಸ್ ಕೊಡೋ ಮೊದಲೇ ಓದೋಣ.