ಹಿತ್ತಲಲ್ಲಿ ಸೋಂಪು: ಭೂಮಿ ಹುಣ್ಣಿಮೆಗೆ ಬಿತ್ತನೆ, ಯುಗಾದಿ ಹೊತ್ತಿಗೆ ಕೊಯ್ಲು

ಊಟ ಆದ ಮೇಲೆ ಬಾಯಿಗೆ ಹಾಕ್ಕೊಳ್ಳೋ ಸೋಂಪನ್ನ ನಮ್ಮ ಹಿತ್ತಲಲ್ಲೇ ಬೆಳೀಬಹುದಾ? ಶಿವಮೊಗ್ಗ, ಭದ್ರಾವತಿ ಕಡೆ ಮನೆ ಖರ್ಚಿಗೆ ಆಗುವಷ್ಟು ಬೆಳೀಬಹುದು. ಆದರೆ ಬಿತ್ತೋ ಸಮಯ ಮಾತ್ರ ತಪ್ಪಬಾರದು.

ಯಾವಾಗ ಬಿತ್ತಬೇಕು?

ಸೋಂಪು ಕೊತ್ತಂಬರಿ, ಸಬ್ಬಸಿಗೆ, ಜೀರಿಗೆ ಕುಟುಂಬದ ಗಿಡ. ನಮ್ಮ ದೇಶದಲ್ಲಿ ಇದನ್ನು ಹೆಚ್ಚು ಬೆಳೆಯೋದು ಗುಜರಾತ್, ರಾಜಸ್ಥಾನದಲ್ಲಿ. ಬೆಳೆಯುವಾಗ ತಂಪು ಹವೆ, ಕಾಳು ಬಲಿಯುವಾಗ ಒಣ ಬಿಸಿಲು ಇದಕ್ಕೆ ಬೇಕು. ಬಿತ್ತನೆಯಿಂದ ಕಾಳು ಕೊಯ್ಲಿಗೆ 160ರಿಂದ 180 ದಿನ ಹಿಡಿಯುತ್ತೆ. ಈಗ ನೀವೇ ಲೆಕ್ಕ ಹಾಕಿ. ಜೂನ್‌ನಲ್ಲಿ ಬಿತ್ತಿದರೆ ಮಳೆಗಾಲದ ತೇವಕ್ಕೆ ಬೇರು ಕೊಳೆಯೋ ಅಪಾಯ. ಡಿಸೆಂಬರ್ ಕೊನೆಗೆ ಬಿತ್ತಿದರೆ ಕಾಳು ಬಲಿಯೋದು ಜೂನ್ ಮಳೆಗೆ, ಗೊಂಚಲಲ್ಲೇ ಕಪ್ಪಾಗುತ್ತೆ. ಅಕ್ಟೋಬರ್‌ನಲ್ಲಿ, ಭೂಮಿ ಹುಣ್ಣಿಮೆ ಆಸುಪಾಸು ಬಿತ್ತಿದರೆ ಮಾರ್ಚ್ ಕೊನೆ, ಏಪ್ರಿಲ್ ಹೊತ್ತಿಗೆ ಕಾಳು ಕೈಗೆ ಬರುತ್ತೆ.

ಬೀಜ ಪರೀಕ್ಷೆ

ದಿನಸಿ ಅಂಗಡಿಯ ಸೋಂಪೂ ಮೊಳೆಯಬಹುದು, ಆದರೆ ಹಳೇದಾಗಿದ್ದರೆ ಮೊಳಕೆ ಕಡಿಮೆ. ಸಕ್ಕರೆ ಲೇಪಿಸಿದ್ದು, ಹುರಿದದ್ದು ಬೇಡವೇ ಬೇಡ. ಮೊದಲು 20 ಕಾಳು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ, ಬಟ್ಟೆ ಒಣಗದ ಹಾಗೆ ನೋಡ್ಕೊಳ್ಳಿ. 12–14 ದಿನದಲ್ಲಿ 12ಕ್ಕಿಂತ ಹೆಚ್ಚು ಮೊಳೆತರೆ ಬಿತ್ತಬಹುದು. 8ಕ್ಕಿಂತ ಕಡಿಮೆ ಆದರೆ ಬೀಜ ಬದಲಾಯಿಸಿ.

ಜಾಗ ಮತ್ತು ಮಡಿ

ದಿನಕ್ಕೆ 6 ಗಂಟೆ ನೇರ ಬಿಸಿಲು ಬೇಕು. ಅಡಿಕೆ ಮರದ ನೆರಳಲ್ಲಿ ಹಾಕ್ಬೇಡಿ, ಗಿಡ ಸೊರಗಿ ಬಾಗುತ್ತೆ. ಭದ್ರಾ ನಾಲೆ ಅಚ್ಚುಕಟ್ಟಿನ ಗದ್ದೆ ಪಕ್ಕದಲ್ಲಿ ಮನೆ ಇದ್ದವರು ಅರ್ಧ ಅಡಿ ಎತ್ತರದ ಏರುಮಡಿ ಮಾಡಲೇಬೇಕು. ನಿಂತ ನೀರು ಈ ಗಿಡಕ್ಕೆ ಆಗಲ್ಲ.

• 4×6 ಅಡಿ ಮಡಿಗೆ ಎರಡು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿ.
• ಬೀಜವನ್ನು ರಾತ್ರಿಯಿಡೀ ನೆನೆಸಿ, 1 ಸೆಂ.ಮೀ. ಆಳಕ್ಕೆ ಬಿತ್ತಿ. 8ರಿಂದ 14 ದಿನದಲ್ಲಿ ಮೊಳೆಯುತ್ತೆ.
• ಸಾಲಿನಿಂದ ಸಾಲಿಗೆ ಒಂದೂವರೆ ಅಡಿ, ಗಿಡದಿಂದ ಗಿಡಕ್ಕೆ 1 ಅಡಿ ಬಿಡಿ. ಹೆಚ್ಚಾದ ಸಸಿ ಕಿತ್ತು ಹಾಕಿದರೆ ಸುಮಾರು 18 ಗಿಡ ಉಳಿಯುತ್ತೆ.
• ಬೇರು ಆಳಕ್ಕೆ ಇಳಿಯೋದರಿಂದ ಕುಂಡ ಅಥವಾ ಗ್ರೋಬ್ಯಾಗ್ ಕನಿಷ್ಠ 12 ಇಂಚು ಆಳ ಇರಲಿ. ಕುಂಡದಿಂದ ಕುಂಡಕ್ಕೆ ಬದಲಾಯಿಸೋದು ಬೇಡ, ನೇರವಾಗಿ ಬಿತ್ತಿ.

ನೀರು, ರೋಗ, ಕೀಟ

ಮೇಲ್ಮಣ್ಣು ಒಣಗಿದಾಗ ಬುಡಕ್ಕೆ ಮಾತ್ರ ನೀರು ಕೊಡಿ. ಎಲೆ ಮೇಲೆ ಹೊಯ್ಯಬೇಡಿ. ಗಿಡಗಳು ಒತ್ತೊತ್ತಾಗಿದ್ದರೆ ಬೂದಿ ರೋಗ ಬರುತ್ತೆ. ಹೂ ಬರೋ ಹೊತ್ತಿಗೆ ಸಸ್ಯಹೇನು ಮುತ್ತುತ್ತೆ. ಶುರುವಿನಲ್ಲೇ ರಭಸದ ನೀರಿನಿಂದ ತೊಳೆಯಿರಿ. ಹೆಚ್ಚಾದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಸ್ವಲ್ಪ ಸೋಪು ನೀರು ಬೆರೆಸಿ ಸಂಜೆ ಸಿಂಪಡಿಸಿ. ಬೆಳಿಗ್ಗೆ ಜೇನು ಬರೋ ಹೊತ್ತು, ಆಗ ಬೇಡ. ಈ ಹಳದಿ ಹೂಗೊಂಚಲಿಗೆ ಗುಲಗಂಜಿ ಹುಳುಗಳೂ ಬರುತ್ತವೆ. ಅವು ಹೇನು ತಿನ್ನುವುದರಿಂದ ಪಕ್ಕದ ತರಕಾರಿ ಮಡಿಗೂ ಲಾಭ.

ಕೊಯ್ಲು ಮತ್ತು ಬಳಕೆ

ಎಲೆ ಬೇಕಾದರೆ 50 ದಿನದಿಂದ ಸ್ವಲ್ಪ ಸ್ವಲ್ಪ ಕತ್ತರಿಸಿ. ನಾಲ್ಕು ಗಿಡ ಎಲೆಗೇ ಬಿಟ್ಟು, ಉಳಿದದ್ದು ಕಾಳಿಗೆ ಇಟ್ಟುಕೊಳ್ಳಿ. ಎಳೆ ಎಲೆ ತಂಬುಳಿಗೆ, ಮಜ್ಜಿಗೆಗೆ ಚೆನ್ನಾಗಿರುತ್ತೆ.

ಎಲ್ಲ ಗೊಂಚಲೂ ಒಟ್ಟಿಗೆ ಬಲಿಯಲ್ಲ; 10 ದಿನಕ್ಕೊಮ್ಮೆ ನೋಡಿ ಕೊಯ್ಯಿರಿ. ಊಟದ ನಂತರ ತಿನ್ನೋಕೆ ಎಳೆ ಸಿಹಿ ಸೋಂಪು ಬೇಕಾದರೆ ಹೂ ಬಿಟ್ಟ 30–40 ದಿನಕ್ಕೆ, ಕಾಳು ಅರ್ಧ ಗಾತ್ರ ಇರುವಾಗಲೇ ಕೊಯ್ದು ನೆರಳಲ್ಲಿ ಒಣಗಿಸಿ. ಹಸಿರು ಬಣ್ಣ, ಪರಿಮಳ ಎರಡೂ ಉಳಿಯುತ್ತೆ. ಕಷಾಯದ ಪುಡಿಗೆ, ಮಸಾಲೆಗೆ ಮತ್ತು ಬೀಜಕ್ಕೆ ಪೂರ್ತಿ ಬಲಿತ ಕಾಳು ಬೇಕು. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ವೈದ್ಯರನ್ನು ಕೇಳದೆ ಸೋಂಪಿನ ನೀರನ್ನು ಔಷಧಿ ಅಂತ ಕೊಡಬೇಡಿ.

ಎಕರೆಗೆ ಹಾಕಬಹುದಾ?

ಈಗಲೇ ಬೇಡ. ಸೋಂಪಿನ ದೊಡ್ಡ ಮಾರುಕಟ್ಟೆ ಇರೋದು ಗುಜರಾತಿನ ಉಂಝಾದಲ್ಲಿ. ಸಾಗಾಟದ ಖರ್ಚು, ಬೇಸಿಗೆ ಮಳೆಯ ಅಪಾಯ ಎರಡನ್ನೂ ಲೆಕ್ಕ ಹಾಕದೆ ಗದ್ದೆಗೆ ಇಳಿಸಿದರೆ ನಷ್ಟ ನಿಮ್ಮದೇ. ಮೊದಲು ಒಂದು ವರ್ಷ ಮಡಿಯಲ್ಲಿ ಬೆಳೆದು, ಗಿಡಕ್ಕೆ ಎಷ್ಟು ಗ್ರಾಂ ಒಣ ಕಾಳು ಬಂತು ಅಂತ ತೂಗಿ ಬರೆದಿಡಿ. ಆ ಲೆಕ್ಕ ಹಿಡಿದು ನವಿಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ತಳಿ ಬಗ್ಗೆ ವಿಚಾರಿಸಿ.

ಸದ್ಯಕ್ಕೆ ಮೊಬೈಲ್‌ನಲ್ಲಿ ಎರಡು ರಿಮೈಂಡರ್ ಹಾಕ್ಕೊಳ್ಳಿ: ಸೆಪ್ಟೆಂಬರ್ ಮಧ್ಯದಲ್ಲಿ ಬೀಜ ಪರೀಕ್ಷೆ, ಅಕ್ಟೋಬರ್‌ನಲ್ಲಿ ಬಿತ್ತನೆ.