ಷರತ್ತಿಗೂ ಒಂದು ಬೆಲೆಯಿದೆ: ಬೂಲಿಯನ್ ಕಲಿಸುತ್ತ ಕಲಿತದ್ದು

ಪೈಥಾನ್ ಕಲಿಯಲು ಬಂದವರಿಗೆ ‘ಇಫ್’ ಬೇಗ ಕೈಗೆ ಹತ್ತುತ್ತದೆ. ಅದರ ಪಕ್ಕ ಕೂರುವ ಷರತ್ತು ಏನೆಂಬುದು ಮಾತ್ರ ಬಹಳ ದಿನ ಮಸುಕಾಗಿಯೇ ಇರುತ್ತದೆ. ಆರಂಭಿಕರ ತಪ್ಪುಗಳಲ್ಲಿ ಹೆಚ್ಚಿನವು ಹುಟ್ಟುವುದು ಅಲ್ಲಿಯೇ ಎಂಬುದು ನನ್ನ ಅನುಭವ.

1. ಇಫ್‌ಗಿಂತ ಮೊದಲು ಷರತ್ತನ್ನು ಕಲಿಸಿ. ‘ವಯಸ್ಸು = 20’ ಎಂದು ಕೊಟ್ಟು, ಬರೀ ‘ವಯಸ್ಸು >= 18’ ಎಂದು ಟೈಪ್ ಮಾಡಿಸಿ. ತೆರೆಯ ಮೇಲೆ ಟ್ರೂ ಬರುತ್ತದೆ. (ಕೀವರ್ಡ್‌ಗಳು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು; ಚರಗಳಿಗೆ ಪೈಥಾನ್ 3ರಲ್ಲಿ ಕನ್ನಡದ ಹೆಸರಿಡಬಹುದು. ಕನ್ನಡ ಮಾಧ್ಯಮದಿಂದ ಬಂದವರಿಗೆ ಇದನ್ನು ಮೊದಲ ತರಗತಿಯಲ್ಲೇ ತೋರಿಸಬೇಕು.) ಆ ಟ್ರೂ ಕೂಡ 20ರ ಹಾಗೆ ಒಂದು ಬೆಲೆ, ಬೂಲಿಯನ್ ಬೆಲೆ (ಟ್ರೂ ಅಥವಾ ಫಾಲ್ಸ್); ಅದನ್ನು ಚರದಲ್ಲಿ ಇಟ್ಟುಕೊಳ್ಳಬಹುದು:

ಮತಹಕ್ಕು = ವಯಸ್ಸು >= 18

1989ರಲ್ಲಿ ಭಾರತದ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಅಂಥ ಬದಲಾವಣೆ ಬಂದಾಗ, ಹೆಸರಿಟ್ಟ ಷರತ್ತನ್ನು ಒಂದೇ ಕಡೆ ತಿದ್ದಿದರೆ ಸಾಕು. ಇದು ಮನಸ್ಸಿಗೆ ಇಳಿದವರು ‘ಇಫ್ ಮತಹಕ್ಕು == ಟ್ರೂ’ ಎಂದು ಬರೆಯುವುದನ್ನು ತಾವಾಗಿಯೇ ಬಿಡುತ್ತಾರೆ. ‘ಇಫ್ ಮತಹಕ್ಕು’ ಎಂದರೆ ಮುಗಿಯಿತು.

2. ‘ಆರ್’ನ ಎರಡೂ ಬದಿಗೆ ಪೂರ್ತಿ ಪ್ರಶ್ನೆ ಬೇಕು. ಪ್ರತಿ ಹೊಸ ತಂಡದಲ್ಲೂ ಯಾರಾದರೊಬ್ಬರು ಇದನ್ನು ಬರೆದೇ ಬರೆಯುತ್ತಾರೆ:

ಇಫ್ ಉತ್ತರ == "ಹೌದು" ಆರ್ "ಹೂಂ":

ಕಿವಿಗೆ ಸರಿಯಾಗಿಯೇ ಕೇಳುತ್ತದೆ. ಆದರೆ ಪೈಥಾನ್ ಇದನ್ನು ಎರಡು ತುಂಡು ಮಾಡಿ ಓದುತ್ತದೆ: ‘ಉತ್ತರ == "ಹೌದು"’ ಒಂದು, ಒಂಟಿ "ಹೂಂ" ಇನ್ನೊಂದು. ಖಾಲಿಯಲ್ಲದ ಸ್ಟ್ರಿಂಗ್ ಯಾವಾಗಲೂ ಟ್ರೂ ಲೆಕ್ಕ. ಹಾಗಾಗಿ ಬಳಕೆದಾರ "ಬೇಡ" ಎಂದರೂ ಷರತ್ತು ಪಾಸಾಗುತ್ತದೆ. ಎರರ್ ಬಂದಿದ್ದರೆ ಚೆನ್ನಾಗಿತ್ತು. ಇಲ್ಲಿ ಪ್ರೋಗ್ರಾಂ ಸದ್ದಿಲ್ಲದೆ ತಪ್ಪು ದಾರಿ ಹಿಡಿಯುತ್ತದೆ. ‘ಉತ್ತರ == "ಹೌದು" ಆರ್ ಉತ್ತರ == "ಹೂಂ"’ ಎಂದು ಪೂರ್ತಿ ಬರೆಯಿಸಿ. ‘ಇನ್’ ಬಳಸುವ ಚಿಕ್ಕ ದಾರಿ ಆಮೇಲೆ ಬರಲಿ.

3. ಸೊನ್ನೆಯೂ ಉತ್ತರವೇ. ಪೈಥಾನ್‌ನಲ್ಲಿ 0, ಖಾಲಿ ಸ್ಟ್ರಿಂಗ್, ಖಾಲಿ ಲಿಸ್ಟ್, ‘ನನ್’ (ಬೆಲೆಯೇ ಇಲ್ಲ ಎಂಬ ಗುರುತು) ಎಲ್ಲವೂ ಫಾಲ್ಸ್ ಲೆಕ್ಕಕ್ಕೆ ಸೇರುತ್ತವೆ. ಅಂಕ ನಮೂದಾಗಿದೆಯೇ ಎಂದು ನೋಡಲು ‘ಇಫ್ ಅಂಕ’ ಎಂದು ಬರೆದರೆ, ಪರೀಕ್ಷೆ ಬರೆದು ಸೊನ್ನೆ ಪಡೆದ ಹುಡುಗಿ ಗೈರುಹಾಜರಿ ಪಟ್ಟಿಗೆ ಸೇರುತ್ತಾಳೆ. ‘ಅಂಕ ಈಸ್ ನಾಟ್ ನನ್’ ಎಂದೇ ಕೇಳಬೇಕು. ಸಣ್ಣ ಮಾತಲ್ಲ ಇದು. ಯಾರದೋ ಫಲಿತಾಂಶ ಅದರ ಮೇಲೆ ನಿಂತಿರುತ್ತದೆ.

4. ಕಂಸ ಹಾಕಿ. ಮೊದಲು ನಾಟ್, ಆಮೇಲೆ ಆಂಡ್, ಕೊನೆಗೆ ಆರ್. ‘ವಿದ್ಯಾರ್ಥಿ ಆರ್ ಹಿರಿಯ ಆಂಡ್ ಪಾಸ್_ಇದೆ’ ಎಂದರೆ ಪಾಸ್ ಇಲ್ಲದ ವಿದ್ಯಾರ್ಥಿಯೂ ಬಸ್ ಹತ್ತುತ್ತಾನೆ. ಅಧಿಕ ವರ್ಷದ ಷರತ್ತನ್ನು ಎಲ್ಲರೂ ಅಭ್ಯಾಸಕ್ಕೆ ಕೊಡುತ್ತಾರೆ:

ವರ್ಷ % 4 == 0 ಆಂಡ್ (ವರ್ಷ % 100 != 0 ಆರ್ ವರ್ಷ % 400 == 0)

ಇಲ್ಲಿ ಕಂಸ ತೆಗೆದರೂ ಉತ್ತರ ಕೆಡುವುದಿಲ್ಲ, ಏಕೆಂದರೆ 400ರಿಂದ ಭಾಗವಾಗುವ ವರ್ಷ 4ರಿಂದಲೂ ಭಾಗವಾಗುತ್ತದೆ. ಕಂಸ ಬೇಕಿಲ್ಲ ಎಂಬ ತಪ್ಪು ಧೈರ್ಯ ಬರುವುದು ಇಂಥ ಕಡೆಯೇ. ಹಾಗಾಗಿ ಬಸ್ಸಿನ ಉದಾಹರಣೆಯನ್ನು ಮೊದಲು ಕೊಡುತ್ತೇನೆ. ಅಧಿಕ ವರ್ಷವನ್ನು ಪರೀಕ್ಷಿಸಲು 1900, 2000, 2023, 2024 ಸಾಕು. ಷರತ್ತಿನ ಎಲ್ಲ ದಾರಿಗಳೂ ಅವುಗಳಲ್ಲಿ ಸಿಗುತ್ತವೆ.

5. ‘ಅಲ್ಲ’ ಒಳಹೊಕ್ಕರೆ ಆಂಡ್ ಆರ್ ಆಗುತ್ತದೆ. ಅಂಕ 0ರಿಂದ 100ರೊಳಗೆ ಬರುವವರೆಗೂ ಮತ್ತೆ ಮತ್ತೆ ಕೇಳಬೇಕೆಂದರೆ, ‘ವೈಲ್ ಅಂಕ < 0 ಆಂಡ್ ಅಂಕ > 100’ ಎಂದು ಬರೆಯುವವರೇ ಹೆಚ್ಚು. ಸೊನ್ನೆಗಿಂತ ಕಡಿಮೆಯೂ ನೂರಕ್ಕಿಂತ ಹೆಚ್ಚೂ ಆದ ಸಂಖ್ಯೆ ಇಲ್ಲವೇ ಇಲ್ಲ. ಲೂಪ್ ಒಮ್ಮೆಯೂ ಓಡದೆ 250 ಒಳಗೆ ಬಂದುಬಿಡುತ್ತದೆ. ಬೇಕಾದದ್ದು ಆರ್: ‘ಒಳಗೆ ಇದೆ’ ಎಂಬ ಆಂಡ್ ಷರತ್ತನ್ನು ‘ಅಲ್ಲ’ ಎಂದಾಗ ಅದು ಆರ್ ಆಗುತ್ತದೆ. ಈ ನಿಯಮಕ್ಕೆ ಹೆಸರು ಕೊಟ್ಟ ಆಗಸ್ಟಸ್ ಡಿ ಮಾರ್ಗನ್ ಹುಟ್ಟಿದ್ದು 1806ರಲ್ಲಿ, ನಮ್ಮ ಮಧುರೆಯಲ್ಲಿ. ಅವನ ತರ್ಕಶಾಸ್ತ್ರದ ಗ್ರಂಥವೂ ಬೂಲಿಯನ್ ಎಂಬ ಹೆಸರಿಗೆ ಕಾರಣನಾದ ಜಾರ್ಜ್ ಬೂಲ್‌ನ ಮೊದಲ ತರ್ಕಗ್ರಂಥವೂ 1847ರಲ್ಲೇ ಬಂದವು. ತರಗತಿಯಲ್ಲಿ ಇದನ್ನು ತಪ್ಪದೆ ಹೇಳುತ್ತೇನೆ.

6. ಬದಿಗಳ ಕ್ರಮ ನೋಡಿಕೊಳ್ಳಿ. ಆಂಡ್‌ನ ಎಡಬದಿ ಫಾಲ್ಸ್ ಆದರೆ ಪೈಥಾನ್ ಬಲಬದಿಯನ್ನು ಮುಟ್ಟುವುದೇ ಇಲ್ಲ. ‘ಸಂಖ್ಯೆ != 0 ಆಂಡ್ ಮೊತ್ತ / ಸಂಖ್ಯೆ > 35’ ಸುರಕ್ಷಿತ. ಎರಡು ಬದಿಗಳನ್ನು ಅದಲುಬದಲು ಮಾಡಿಸಿ, ಸಂಖ್ಯೆಗೆ ಸೊನ್ನೆ ಕೊಟ್ಟು ಅವರ ಕೈಯಿಂದಲೇ ಓಡಿಸಿ. ಭಾಗಾಕಾರದ ಎರರ್ ಏಕೆ ಬಂತೆಂದು ಅವರೇ ವಿವರಿಸುವವರೆಗೆ ಮುಂದಿನ ಪಾಠ ಬೇಡ.